ಮಿನ್ನೆಸೋಟದ ಚಳಿಗಾಲದಲ್ಲಿ ಹಕ್ಕಿಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾನು ಧಾರವಾಡದವನು. ಊರಲ್ಲಿದ್ದಾಗ ಕೆಲಗೇರಿ ಕೆರೆ, ಚಳಿಗಾಲ ಬಂದರೆ ಮಾಗಡಿ ಕೆರೆ ಅಂತ ಹಕ್ಕಿ ನೋಡುತ್ತ ತಿರುಗಿದವನು. ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಇದು ಎರಡನೇ ವರ್ಷ. ಬೇಸಿಗೆಯಲ್ಲಿ ಇಲ್ಲಿ ಹಕ್ಕಿಗೇನೂ ಬರವಿಲ್ಲ. ನವೆಂಬರ್ ಬಂತೆಂದರೆ ಹಿತ್ತಲೆಲ್ಲ ಭಣಭಣ. ಹೋದ ಜನವರಿಯಲ್ಲಿ ಹೆಂಡತಿ, ಒಂಬತ್ತು ವರ್ಷದ ಮಗಳ ಜೊತೆ ಉತ್ತರದ ಸ್ಯಾಕ್ಸ್-ಜಿಮ್ ಬಾಗ್ ಎಂಬ ಜೌಗು ಪ್ರದೇಶಕ್ಕೆ ಹೋಗಿದ್ದೆ. ಮನೆ ಬಿಟ್ಟಿದ್ದು ಬೆಳಿಗ್ಗೆ ಎಂಟಕ್ಕೆ, ತಲುಪಿದ್ದು ಹನ್ನೊಂದು ಮೀರಿ, ಮೂರಕ್ಕೆ ವಾಪಸ್ ಹೊರಟೆವು. ಒಂದೇ ಒಂದು ಗೂಬೆ ಕಾಣಲಿಲ್ಲ. ಮಗಳ ಕಾಲು ಮರಗಟ್ಟಿದ್ದೇ ಬಂತು. ಅದರ ಹಿಂದಿನ ವಾರವಷ್ಟೇ ಸಹೋದ್ಯೋಗಿಯೊಬ್ಬರು ಅಲ್ಲಿಂದ ದೊಡ್ಡ ಗೂಬೆಯ ಫೋಟೊ ತಂದು ತೋರಿಸಿದ್ದರು. ಚಳಿಗಾಲದಲ್ಲಿ ಇಲ್ಲಿ ಏನು ನೋಡಬಹುದು, ಎಲ್ಲಿ ನೋಡಬೇಕು? ಹಿತ್ತಲಿಗೆ ಏನಾದರೂ ಹಾಕಬಹುದೆ? ಮಗಳನ್ನು ಮತ್ತೆ ಕರೆದುಕೊಂಡು ಹೋಗುವ ಧೈರ್ಯ ಮಾಡಲೆ?

ಉತ್ತರ: ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಹೋಗುವ ಹೊತ್ತು ಬದಲಾಯಿಸಿ, ನೋಡುವ ಕ್ರಮವನ್ನೂ ಬದಲಾಯಿಸಿ. ಕೆಲಗೇರಿ ಕೆರೆಯಲ್ಲಿ ದಂಡೆ ಮೇಲೆ ನಿಂತರೆ ಸಾಕು, ಏನಾದರೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮಿನ್ನೆಸೋಟದ ಜನವರಿಯಲ್ಲಿ ಹಾಗೆ ಕಾಡಿನ ನಡುವೆ ನಿಂತರೆ ಅರ್ಧ ಗಂಟೆ ಒಂದು ರೆಕ್ಕೆಯ ಸದ್ದೂ ಕೇಳದೆ ಹೋಗಬಹುದು. ಇಲ್ಲಿ ಹಕ್ಕಿಯನ್ನು ಹುಡುಕುತ್ತ ಹೋಗಬಾರದು, ಹಕ್ಕಿಯ ಊಟವನ್ನು ಹುಡುಕುತ್ತ ಹೋಗಬೇಕು. ಮೈನಸ್ 25 ಡಿಗ್ರಿಯಲ್ಲಿ ಬದುಕಬೇಕಾದ ಜೀವಕ್ಕೆ ಹಗಲೆಲ್ಲ ತಿನ್ನುವುದೇ ಕೆಲಸ. ತಿನ್ನಲು ಇರುವ ಜಾಗಗಳೋ ಬೆರಳೆಣಿಕೆಯಷ್ಟು. ಹೆಪ್ಪುಗಟ್ಟದ ನೀರು, ಹಣ್ಣು ಉದುರದೆ ಉಳಿದ ಮರ, ಶಂಕುವಿನಾಕಾರದ ಕಾಯಿ ಹೊತ್ತ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ, ಇಲಿ ಓಡಾಡುವ ಹುಲ್ಲುಗಾವಲು, ಯಾರೋ ಕಾಳು ಸುರಿದಿಟ್ಟ ಫೀಡರ್. ಈ ಐದನ್ನು ತಲೆಯಲ್ಲಿಟ್ಟುಕೊಂಡರೆ ಚಳಿಗಾಲದ ಮಿನ್ನೆಸೋಟ ಅರ್ಧ ಅರ್ಥವಾದಂತೆ.

ಭಣಭಣ ಅಂದಿರಿ. ಬೇಸಿಗೆಗೆ ಹೋಲಿಸಿದರೆ ನಿಜವೇ. ಹುಳಹುಪ್ಪಟೆ ನಂಬಿದವು, ಕೆರೆಗಳನ್ನು ನಂಬಿದವು ಬಹುತೇಕ ದಕ್ಷಿಣಕ್ಕೆ ಹೋಗಿರುತ್ತವೆ. ಆದರೆ ಅದೇ ಹೊತ್ತಿಗೆ ಕೆನಡಾದ ಕಡೆಯಿಂದ ಬೇರೆ ಹಕ್ಕಿಗಳು ಇಳಿದಿರುತ್ತವೆ. ನಿಮ್ಮ ಹಿತ್ತಲಿನ ನೆಲದಲ್ಲಿ ಬೂದುಬಣ್ಣದ, ಬಿಳಿ ಹೊಟ್ಟೆಯ ಪುಟ್ಟ ಹಕ್ಕಿಗಳು ಗುಂಪಾಗಿ ಕೆದಕುವುದನ್ನು ನೋಡಿರಬೇಕು. ಹಾರುವಾಗ ಬಾಲದ ಅಂಚಿನ ಬಿಳಿ ಗರಿ ಮಿಂಚುತ್ತದೆ. ಅದು ಡಾರ್ಕ್-ಐಡ್ ಜುಂಕೊ. ಉತ್ತರದ ಕಾಡುಗಳಲ್ಲಿ ಮರಿ ಮಾಡಿ, ಚಳಿ ಕಳೆಯಲು ನಿಮ್ಮೂರಿಗೆ ಬಂದಿರುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತಿಗೆ ಮಾಗಡಿ ಕೆರೆ ಹೇಗೋ, ಜುಂಕೊಗೆ ಮಿನಿಯಾಪೊಲಿಸ್ ಹಾಗೆ.

ಸಹೋದ್ಯೋಗಿಗೆ ಸಿಕ್ಕ ಗೂಬೆ ನಿಮಗೇಕೆ ಸಿಗಲಿಲ್ಲ ಎನ್ನುವುದಕ್ಕೆ ಹೊತ್ತು ಒಂದು ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ. ಇನ್ನೊಂದು ಕಾರಣ, ಉತ್ತರದ ಈ ಹಕ್ಕಿಗಳು ಹೆಬ್ಬಾತಿನ ಹಾಗೆ ವರ್ಷವರ್ಷವೂ ತಪ್ಪದೆ ಬರುವವಲ್ಲ. ಒಂದು ವರ್ಷ ಹಿಂಡುಹಿಂಡಾಗಿ ಬರುತ್ತವೆ, ಮರುವರ್ಷ ಸುಳಿವೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಇರಪ್ಶನ್ ಎನ್ನುತ್ತಾರೆ. ಹಸಿವಿನಿಂದ ಓಡಿ ಬರುತ್ತವೆ ಎಂದು ಎಲ್ಲಕ್ಕೂ ಒಂದೇ ಕಾರಣ ಹೇಳಿ ಮುಗಿಸುವುದು ರೂಢಿ. ಅದು ಪೂರ್ತಿ ಸರಿಯಲ್ಲ.

ಗ್ರೇಟ್ ಗ್ರೇ ಔಲ್ ಎಂಬ ದೊಡ್ಡ ಬೂದು ಗೂಬೆಯ ವಿಷಯದಲ್ಲಿ ಹಸಿವೇ ಕಾರಣ. ಅದರ ಬಾಯಿಗೆ ಬೀಳುವುದು ಬಹುಮಟ್ಟಿಗೆ ವೋಲ್ ಎಂಬ ಗಿಡ್ಡ ಬಾಲದ ಹೊಲದ ಇಲಿ. ಆ ಇಲಿಗಳ ಸಂಖ್ಯೆ ಕೆಲವು ವರ್ಷಕ್ಕೊಮ್ಮೆ ಏರಿ ಧೊಪ್ಪನೆ ಕುಸಿಯುತ್ತದೆ. ಕುಸಿದ ವರ್ಷ ಗೂಬೆಗಳು ದಕ್ಷಿಣಕ್ಕೆ ಸರಿಯುತ್ತವೆ. 2004-05ರ ಚಳಿಗಾಲದಲ್ಲಿ ಮಿನ್ನೆಸೋಟ ಒಂದರಲ್ಲೇ 5,000ಕ್ಕೂ ಹೆಚ್ಚು ಗ್ರೇಟ್ ಗ್ರೇ ಗೂಬೆಗಳು ಲೆಕ್ಕಕ್ಕೆ ಸಿಕ್ಕವು. ಹಳಬರು ಈಗಲೂ ಆ ವರ್ಷದ ಮಾತನ್ನೇ ಆಡುತ್ತಾರೆ. ರಸ್ತೆಯಂಚಿನಲ್ಲಿ ಬೇಟೆಯಾಡುತ್ತ ನೂರಾರು ಗೂಬೆಗಳು ಗಾಡಿಗೆ ಸಿಕ್ಕು ಸತ್ತದ್ದೂ ಅದೇ ವರ್ಷ.

ಬಿಳಿ ಗೂಬೆಯ, ಅಂದರೆ ಸ್ನೋಯಿ ಔಲ್‌ನ ಕತೆ ಹೆಚ್ಚುಕಡಿಮೆ ತಿರುಗುಮುರುಗು. ಅದು ಆರ್ಕ್ಟಿಕ್ ಬಯಲಿನ ಹಕ್ಕಿ. ಲೆಮ್ಮಿಂಗ್ ಎಂಬ ದಂಶಕ ಹೇರಳವಾಗಿದ್ದ ಬೇಸಿಗೆಯಲ್ಲಿ ಗೂಡು ತುಂಬ ಮರಿ ಮಾಡುತ್ತದೆ. ಆ ಮರಿಗಳೆಲ್ಲ ಬೆಳೆದು ಚಳಿಗಾಲಕ್ಕೆ ಕೆಳಗಿಳಿದಾಗ ನಾವು ಊರೂರಿನಲ್ಲಿ ಬಿಳಿ ಗೂಬೆ ನೋಡುತ್ತೇವೆ. 2013-14ರಲ್ಲಿ ಅಮೆರಿಕದ ಪೂರ್ವ ಭಾಗಕ್ಕೆ ಬಂದ ಭಾರೀ ಹಿಂಡಿನ ಹಿಂದೆ ಕ್ವಿಬೆಕ್‌ನ ಉತ್ತರದಲ್ಲಿ ಲೆಮ್ಮಿಂಗ್ ಉಕ್ಕಿದ ಬೇಸಿಗೆಯಿತ್ತು. ಹಿಡಿದು ತೂಗಿ ನೋಡಿದ ಹಲವು ಗೂಬೆಗಳು ಮೈತುಂಬಿಕೊಂಡು ಚೆನ್ನಾಗಿಯೇ ಇದ್ದವು.

ಮೂರನೆಯ ಗುಂಪು ಕಾಳು ತಿನ್ನುವ ಫಿಂಚ್‌ಗಳದು: ರೆಡ್‌ಪೋಲ್, ಪೈನ್ ಸಿಸ್ಕಿನ್, ಕ್ರಾಸ್‌ಬಿಲ್, ಪೈನ್ ಗ್ರೋಸ್‌ಬೀಕ್, ಈವ್ನಿಂಗ್ ಗ್ರೋಸ್‌ಬೀಕ್. ಇವುಗಳ ಓಡಾಟ ಕೆನಡಾದ ಸ್ಪ್ರೂಸ್, ಬರ್ಚ್ ಮುಂತಾದ ಮರಗಳ ಬೀಜದ ಫಸಲಿನ ಮೇಲೆ ನಿಂತಿದೆ. ಅಲ್ಲಿ ಫಸಲು ಕೈಕೊಟ್ಟರೆ ಇಲ್ಲಿ ಹಬ್ಬ. ಒಂಟಾರಿಯೊದ ರಾನ್ ಪಿಟವೇ ಎಂಬವರು ಆ ಫಸಲನ್ನು ನೋಡಿ ಆ ವರ್ಷ ಯಾವ ಫಿಂಚ್ ಎತ್ತ ಹೋದೀತೆಂದು ಹೇಳುವ ಮುನ್ಸೂಚನೆ ಬರೆಯಲು ಶುರುಮಾಡಿದರು. ಈಗ ಅದನ್ನು ಟೈಲರ್ ಹೋರ್ ಮುಂದುವರಿಸಿದ್ದಾರೆ. ಚಳಿಗಾಲಕ್ಕೆ ಮೊದಲೇ ‘ವಿಂಟರ್ ಫಿಂಚ್ ಫೋರ್‌ಕಾಸ್ಟ್’ ಹೆಸರಲ್ಲಿ ಬರುತ್ತದೆ. ಒಮ್ಮೆ ಓದಿಕೊಂಡು ರಜೆ ಹಾಕಿ. ರೆಡ್‌ಪೋಲ್ ಬಗ್ಗೆ ಇನ್ನೊಂದು ಮಾತು: ಹಳೆಯ ಪುಸ್ತಕಗಳಲ್ಲಿ ಕಾಮನ್, ಹೋರಿ ಎಂದು ಬೇರೆ ಬೇರೆ ಜಾತಿಗಳಿರುತ್ತವೆ. 2024ರಲ್ಲಿ ಅವೆಲ್ಲ ಒಂದೇ ಜಾತಿ ಎಂದು ತೀರ್ಮಾನವಾಯಿತು. ಯಾವುದು ಯಾವುದೆಂದು ತಲೆಕೆಡಿಸಿಕೊಳ್ಳುವ ಒಂದು ಕಷ್ಟ ನಿಮಗೆ ತಪ್ಪಿತು.

ಈಗ ಹಿತ್ತಲಿಗೆ ಬರೋಣ. ಮಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಬೂಟು ಕೂಡ ಬೇಕಿಲ್ಲ. ಒಂದು ಕೊಳವೆ ಫೀಡರ್‌ಗೆ ಕಪ್ಪು ಸೂರ್ಯಕಾಂತಿ ಬೀಜ ತುಂಬಿಸಿ. ಪಟ್ಟೆ ಇರುವ ದೊಡ್ಡ ಬೀಜಕ್ಕಿಂತ ಇದರ ಸಿಪ್ಪೆ ತೆಳು, ಎಣ್ಣೆಯಂಶ ಹೆಚ್ಚು. ಕಾರ್ಡಿನಲ್, ಬ್ಲೂ ಜೇ, ನಟ್‌ಹ್ಯಾಚ್, ಚಿಕಡೀ ಎಲ್ಲಕ್ಕೂ ಆಗುತ್ತದೆ. ಕಾರ್ಡಿನಲ್ ನೋಡಬೇಕೆಂದರೆ ಇನ್ನೂ ಮಬ್ಬುಗತ್ತಲು ಇರುವಾಗ ಕಿಟಕಿ ಬಳಿ ನಿಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಸಂಜೆ ಎಲ್ಲರೂ ಹೋದ ಮೇಲೆ ಹೋಗುವ ಗಿರಾಕಿ ಅದು.

ಎರಡನೆಯ ಫೀಡರ್‌ಗೆ ನೈಜರ್ ಬೀಜ ತನ್ನಿ. ಅಂಗಡಿಯಲ್ಲಿ ‘ನೈಜರ್’ ಅಥವಾ ‘ಥಿಸಲ್’ ಎಂದು ಬರೆದಿರುತ್ತಾರೆ. ಚೀಲ ಬಿಚ್ಚಿ ಅಂಗೈ ಮೇಲೆ ಹಾಕಿಕೊಂಡು ನೋಡಿ; ಧಾರವಾಡದವರಿಗೆ ಪರಿಚಯ ಹೇಳಬೇಕಿಲ್ಲ, ನಿಮ್ಮ ಮನೆಯಲ್ಲಿ ರೊಟ್ಟಿಗೆ ಚಟ್ನಿಪುಡಿ ಮಾಡುವ ಗುರೆಳ್ಳೇ ಅದು. ಮೈಸೂರು ಕಡೆಯವರ ಹುಚ್ಚೆಳ್ಳು. ಇಥಿಯೋಪಿಯಾದಿಂದ, ಭಾರತದಿಂದ ಇಲ್ಲಿಗೆ ಬರುತ್ತದೆ. ಬರುವಾಗ ಮೊಳಕೆಯೊಡೆಯದಂತೆ ಶಾಖ ಕೊಟ್ಟೇ ಒಳಗೆ ಬಿಡುತ್ತಾರೆ, ಏಕೆಂದರೆ ಅದರ ಜೊತೆ ಕಳೆಬೀಜಗಳೂ ಬರುವ ಭಯ. ಬಿತ್ತಿ ಬೆಳೆಯುತ್ತೇನೆಂದು ಹೊರಡಬೇಡಿ, ಬರುವುದಿಲ್ಲ. ಸಣ್ಣ ಕಂಡಿಯ ಬೇರೆ ಫೀಡರ್ ಇದಕ್ಕೆ ಬೇಕು. ಗೋಲ್ಡ್‌ಫಿಂಚ್, ಸಿಸ್ಕಿನ್, ರೆಡ್‌ಪೋಲ್ ಮೂರಕ್ಕೂ ಗುರೆಳ್ಳೆಂದರೆ ಪ್ರಾಣ. ರೆಡ್‌ಪೋಲ್‌ನ ಗಂಟಲಿನ ಪಕ್ಕ ಒಂದು ಚೀಲವಿದೆ. ಬಯಲಲ್ಲಿ ಗಬಗಬ ಕಾಳು ತುಂಬಿಕೊಂಡು, ಆಮೇಲೆ ಗಾಳಿ ತಾಗದ ಕೊಂಬೆಯ ಮರೆಯಲ್ಲಿ ಕೂತು ಒಂದೊಂದಾಗಿ ತೆಗೆದು ತಿನ್ನುತ್ತದೆ.

ಮರಕುಟಿಗಗಳಿಗೆ ಇಲ್ಲಿನವರು ಸೂಯೆಟ್ ಎಂಬ ಗಟ್ಟಿ ಬಿಲ್ಲೆ ನೇತುಹಾಕುತ್ತಾರೆ. ಅದು ದನದ ಕೊಬ್ಬು. ಮನೆಯಲ್ಲಿ ಅದನ್ನು ತರಲು ಮನಸ್ಸಿಲ್ಲದಿದ್ದರೆ ಉಪ್ಪು ಹಾಕದ ಶೇಂಗಾ ಸಾಕು. ತಂತಿಬಲೆಯ ಫೀಡರ್‌ನಲ್ಲಿ ತುಂಬಿಡಿ, ಡೌನಿ ಮರಕುಟಿಗ ಬಂದೇ ಬರುತ್ತದೆ. ಏನೇ ಇಟ್ಟರೂ ಫೀಡರನ್ನು ಆಗಾಗ ಬಿಸಿನೀರಲ್ಲಿ ತೊಳೆದು ಒಣಗಿಸಿ. ಗುಂಪಾಗಿ ತಿನ್ನುವ ಫಿಂಚ್‌ಗಳಲ್ಲಿ ಸಾಲ್ಮೊನೆಲ್ಲಾ ಎಂಬ ಸೋಂಕು ಬೇಗ ಹರಡುತ್ತದೆ. ರೆಕ್ಕೆಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕದಲದೆ ಕೂತ ಹಕ್ಕಿ ಕಂಡರೆ ಫೀಡರ್ ಕೆಲವು ದಿನ ತೆಗೆದುಬಿಡಿ.

ಮಗಳಿಗೆ ಒಂದೇ ಒಂದು ಹಕ್ಕಿಯನ್ನು ಹತ್ತಿರದಿಂದ ನೋಡಲು ಹೇಳುವುದಾದರೆ ಚಿಕಡೀ ಹೇಳಿ. ಕಪ್ಪು ಟೋಪಿ, ಕಪ್ಪು ಗದ್ದ, ಬಿಳಿ ಕೆನ್ನೆ. ತೂಕ ಹತ್ತು ಹನ್ನೆರಡು ಗ್ರಾಂ. ಫೀಡರ್‌ಗೆ ಬಂದು ಕೂತು ತಿನ್ನುವುದಿಲ್ಲ. ಒಂದು ಬೀಜ ಕಚ್ಚಿಕೊಂಡು ಪುರ್ರನೆ ಹತ್ತಿರದ ಕೊಂಬೆಗೆ ಹೋಗುತ್ತದೆ, ಬೀಜವನ್ನು ಎರಡೂ ಪಾದದ ನಡುವೆ ಒತ್ತಿ ಹಿಡಿದು ಕೊಕ್ಕಿನಿಂದ ಟಕಟಕ ಕುಟ್ಟಿ ಒಡೆಯುತ್ತದೆ. ಕೆಲವು ಸಲ ಒಡೆಯುವುದೇ ಇಲ್ಲ, ತೊಗಟೆಯ ಬಿರುಕಿಗೆ ಸಿಕ್ಕಿಸಿ ಬರುತ್ತದೆ. ಹೀಗೆ ಒಂದೊಂದು ಕಾಳನ್ನು ಒಂದೊಂದು ಜಾಗದಲ್ಲಿ, ಸಾವಿರಾರು ಕಡೆ ಅಡಗಿಸುತ್ತದೆ, ವಾರಗಟ್ಟಲೆ ಜಾಗ ನೆನಪಿಡುತ್ತದೆ. ಹಗಲು ತಿಂದದ್ದೆಲ್ಲ ಕೊಬ್ಬಾಗಿ, ಆ ಕೊಬ್ಬು ಒಂದು ರಾತ್ರಿಯಲ್ಲಿ ಉರಿದುಹೋಗುತ್ತದೆ. ಉರುವಲು ಉಳಿಸಲು ರಾತ್ರಿ ಮೈಯ ಉಷ್ಣತೆಯನ್ನೇ ಹತ್ತು ಡಿಗ್ರಿಯಷ್ಟು ತಗ್ಗಿಸಿಕೊಂಡು ಮಲಗುತ್ತದೆ. ಮನುಷ್ಯನ ಮೈ ಅಷ್ಟು ತಣ್ಣಗಾದರೆ ಆಸ್ಪತ್ರೆಗೆ ಓಡಬೇಕು.

ಚಿಕಡೀಯ ಇನ್ನೊಂದು ಉಪಯೋಗ ಕಾಡಿನಲ್ಲಿ. ಚಳಿಗಾಲದಲ್ಲಿ ಅದರ ಗುಂಪಿನ ಹಿಂದೆ ನಟ್‌ಹ್ಯಾಚ್, ಡೌನಿ ಮರಕುಟಿಗ, ಬ್ರೌನ್ ಕ್ರೀಪರ್, ಒಮ್ಮೊಮ್ಮೆ ಕಿಂಗ್ಲೆಟ್ ಕೂಡ ತಿರುಗುತ್ತವೆ. ಚಿಕಡೀ ಸದ್ದು ಕೇಳಿದ ಕಡೆ ನಿಂತರೆ ಉಳಿದವು ತಾವಾಗಿ ಬರುತ್ತವೆ. ಅದರ ಕೂಗಿನ ಕೊನೆಯ ‘ಡೀ ಡೀ’ಗಳನ್ನು ಎಣಿಸಲು ಮಗಳಿಗೆ ಹೇಳಿ. ಅಪಾಯ ಹೆಚ್ಚಿದಷ್ಟೂ ಡೀ ಹೆಚ್ಚುತ್ತದೆ. ದೊಡ್ಡ ಗೂಬೆಗಿಂತ ಸಣ್ಣ ಗೂಬೆಗೆ ಅವು ಹೆಚ್ಚು ಡೀ ಕೂಗುತ್ತವೆ, ಯಾಕೆಂದರೆ ಚುರುಕಾಗಿ ತಿರುಗಿ ಚಿಕಡೀಯನ್ನು ಹಿಡಿಯಬಲ್ಲದ್ದು ಸಣ್ಣದೇ. ಹತ್ತಾರು ಚಿಕಡೀಗಳು ಒಂದೇ ಪೊದೆಯ ಸುತ್ತ ಗಲಾಟೆ ಎಬ್ಬಿಸಿದರೆ ಒಳಗೆ ಬೈನಾಕ್ಯುಲರ್ ಹಾಕಿ ನೋಡಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಸಾ-ವೆಟ್ ಗೂಬೆ ಕಣ್ಣುಮುಚ್ಚಿ ಕೂತಿರಬಹುದು.

ನೀರಿನ ಹಕ್ಕಿ ಬೇಕೆಂದರೆ ಹೆಪ್ಪುಗಟ್ಟದ ನೀರಿಗೆ ಹೋಗಬೇಕು. ನಿಮಗೆ ಹತ್ತಿರದ್ದು ಮಾಂಟಿಸೆಲೊ, ಮಿನಿಯಾಪೊಲಿಸ್‌ನಿಂದ ವಾಯವ್ಯಕ್ಕೆ ಒಂದು ಗಂಟೆಯೊಳಗಿನ ದಾರಿ. ಅಲ್ಲಿನ ಅಣು ವಿದ್ಯುತ್ ಸ್ಥಾವರದ ಬೆಚ್ಚಗಿನ ನೀರು ಮಿಸಿಸಿಪ್ಪಿಗೆ ಸೇರುವುದರಿಂದ ನದಿ ತೆರೆದೇ ಇರುತ್ತದೆ. ಟ್ರಂಪೆಟರ್ ಹಂಸಗಳು ನೂರಾರು, ಕೆಲವೊಮ್ಮೆ ಸಾವಿರ ಮೀರಿ ಸೇರುತ್ತವೆ. ಬೇಟೆಗಾರರ ಗುಂಡಿಗೆ, ಗರಿಯ ವ್ಯಾಪಾರಕ್ಕೆ ಸಿಕ್ಕು ಈ ರಾಜ್ಯದಿಂದಲೇ ಕಾಣೆಯಾಗಿದ್ದ ಹಕ್ಕಿ ಇದು. 1960ರ ದಶಕದಿಂದ ಬೇರೆಡೆಯ ಹಂಸಗಳನ್ನು ತಂದು ಬಿಟ್ಟು ಮತ್ತೆ ನೆಲೆಗೊಳಿಸಿದರು. ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತಿವೆಯಲ್ಲ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳಗಳೂ ಮೇಲೆ ಬರುವ ತಣ್ಣನೆ ರಕ್ತದ ನಾಳಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ, ಪಾದಕ್ಕೆ ಹೋಗುವುದು ಹೆಪ್ಪುಗಟ್ಟದಷ್ಟು ಬಿಸಿ ಮಾತ್ರ. ಹಾಗಾಗಿ ಪಾದದ ಮೂಲಕ ಸೋರಿಹೋಗಲು ಬಿಸಿಯೇ ಉಳಿದಿರುವುದಿಲ್ಲ.

ಬಾಲ್ಡ್ ಈಗಲ್‌ಗೆ ದಕ್ಷಿಣಕ್ಕೆ, ರೆಡ್ ವಿಂಗ್ ಮತ್ತು ವಬಾಷಾ ಕಡೆ ಹೋಗಿ. ಅಲ್ಲೂ ನದಿ ಕೆಲವು ಕಡೆ ತೆರೆದಿರುತ್ತದೆ, ಹದ್ದುಗಳು ದಂಡೆಯ ಮರಗಳಲ್ಲಿ ಸಾಲಾಗಿ ಕೂತಿರುತ್ತವೆ. ವಬಾಷಾದಲ್ಲಿ ನ್ಯಾಷನಲ್ ಈಗಲ್ ಸೆಂಟರ್ ಇದೆ. ಬೆಚ್ಚಗೆ ಒಳಗೆ ನಿಂತು ಗಾಜಿನಿಂದ ನದಿ ನೋಡಬಹುದು. ಮಗುವಿನ ಜೊತೆ ಮೊದಲ ಚಳಿಗಾಲದ ಪ್ರವಾಸಕ್ಕೆ ನಾನಾದರೆ ಸ್ಯಾಕ್ಸ್-ಜಿಮ್‌ಗಿಂತ ಇದನ್ನೇ ಆರಿಸುತ್ತಿದ್ದೆ.

ಆದರೆ ನಿಮ್ಮ ಮನಸ್ಸು ಗೂಬೆಯ ಮೇಲಿದೆ. ನಮ್ಮೂರಲ್ಲಿ ಗೂಬೆ ಮನೆ ಮೇಲೆ ಕೂತರೆ ಶಾಂತಿ ಮಾಡಿಸುವವರಿದ್ದಾರೆ. ಇಲ್ಲಿ ಅದೇ ಗೂಬೆಗಾಗಿ ಜನ ವಿಮಾನ ಹತ್ತಿ ಬರುತ್ತಾರೆ. ಅವರು ಬರುವುದು ಸ್ಯಾಕ್ಸ್-ಜಿಮ್‌ಗೇ. ರಾಜ್ಯದ ಉತ್ತರದ ಡುಲೂತ್ ನಗರದಿಂದ ವಾಯವ್ಯಕ್ಕೆ ಒಂದು ಗಂಟೆ, ಸ್ಯಾಕ್ಸ್ ಮತ್ತು ಜಿಮ್ ಎಂಬ ಎರಡು ಪುಟ್ಟ ಊರುಗಳ ಹೆಸರು ಹೊತ್ತ ಸುಮಾರು 300 ಚದರ ಮೈಲಿಯ ಜೌಗು ಪ್ರದೇಶ. ಕಪ್ಪು ಸ್ಪ್ರೂಸ್, ಟಾಮರಾಕ್ ಮರಗಳ ಜೌಗುಕಾಡು, ನಡುನಡುವೆ ಹುಲ್ಲುಗಾವಲು, ಹಳೆಯ ಹೊಲಗಳು. ಕಾಡಿನ ಅಂಚು, ಪಕ್ಕದಲ್ಲೇ ಇಲಿ ಇರುವ ಬಯಲು: ಗ್ರೇಟ್ ಗ್ರೇ ಗೂಬೆಗೆ ಬೇಕಾದದ್ದು ಇಷ್ಟೇ.

ನೀವು ಅಲ್ಲಿದ್ದದ್ದು ಹನ್ನೊಂದರಿಂದ ಮೂರರವರೆಗೆ. ಗ್ರೇಟ್ ಗ್ರೇ ಗೂಬೆ ಕಾಡಿನೊಳಗೆ ಮರಕ್ಕೆ ಒರಗಿ ಮಲಗುವ ಹೊತ್ತದು. ಜನವರಿ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂಮುಕ್ಕಾಲರ ಸುಮಾರಿಗೆ, ಮುಳುಗುವುದು ಐದು ಗಂಟೆಗೂ ಮೊದಲು. ಬೆಳಕು ಹರಿದ ಮೊದಲ ಒಂದೂವರೆ ಗಂಟೆ, ಕತ್ತಲಾಗುವ ಮೊದಲಿನ ಒಂದೂವರೆ ಗಂಟೆ, ಗೂಬೆಗೆ ಇವೇ ಮುಖ್ಯ. ಮೋಡ ಕವಿದು ಗಾಳಿಯಿಲ್ಲದ ದಿನ ಹಗಲಲ್ಲೂ ಹೊರಬರುತ್ತದೆ. ಗಾಳಿ ಜೋರಿದ್ದರೆ ಆಸೆ ಬಿಡಿ, ಅದಕ್ಕೆ ಕಿವಿಯೇ ಕೆಲಸ ಮಾಡುವುದಿಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಡುಲೂತ್‌ಗೋ ಹತ್ತಿರದ ಯಾವುದಾದರೂ ಊರಿಗೋ ಹೋಗಿ ಉಳಿಯಿರಿ. ಮಿನಿಯಾಪೊಲಿಸ್‌ನಿಂದ ಬೆಳಿಗ್ಗೆ ಹೊರಟು ಗೂಬೆ ನೋಡುತ್ತೇನೆಂದರೆ ಮಗಳನ್ನು ನಡುರಾತ್ರಿ ಎಬ್ಬಿಸಬೇಕಾದೀತು.

ಬೆಳಿಗ್ಗೆ ಅಡ್ಮಿರಲ್ ರಸ್ತೆ, ಮ್ಯಾಕ್‌ಡೇವಿಟ್ ರಸ್ತೆಗಳಲ್ಲಿ ಗಾಡಿಯನ್ನು ಆಮೆಯ ಹಾಗೆ ಓಡಿಸಿ. ಮರದ ತುದಿ ಒಬ್ಬರು ನೋಡಿ, ರಸ್ತೆಯಂಚಿನ ಕಂಬ, ಮೋಟು ಮರ ಇನ್ನೊಬ್ಬರು. ತುದಿಯಲ್ಲಿ ಉದ್ದ ಬಾಲದ, ಗಿಡುಗದಂಥ ಹಕ್ಕಿ ಕೂತಿದ್ದರೆ ಅದು ನಾರ್ದರ್ನ್ ಹಾಕ್ ಔಲ್, ಹಗಲಿನ ಗೂಬೆ. ಅಲ್ಲಿ ಮಧ್ಯಾಹ್ನವೂ ಸಿಗುವ ಸಾಧ್ಯತೆ ಇದಕ್ಕೇ ಹೆಚ್ಚು. ಅದೇ ಎತ್ತರದಲ್ಲಿ ಚಿಕ್ಕದೊಂದು ಬೂದು ಹಕ್ಕಿ, ಕಣ್ಣಿಗೆ ಕಪ್ಪು ಪಟ್ಟಿ ಇದ್ದರೆ ನಾರ್ದರ್ನ್ ಶ್ರೈಕ್, ನಮ್ಮ ಕಳಿಂಗನ ಬಳಗ. ಗ್ರೇಟ್ ಗ್ರೇ ಕೂರುವುದು ಸಾಮಾನ್ಯವಾಗಿ ಇವಕ್ಕಿಂತ ಕೆಳಗೆ, ಕಾಡಿನಂಚಿನಲ್ಲಿ, ಮುಖವನ್ನು ನೆಲಕ್ಕೆ ಬಗ್ಗಿಸಿಕೊಂಡು.

ಆ ಮುಖವನ್ನು ಸ್ವಲ್ಪ ಹೊತ್ತು ನೋಡಿ. ಎರಡು ದೊಡ್ಡ ಬೂದು ತಟ್ಟೆಗಳಲ್ಲಿ ಒಂದರೊಳಗೊಂದು ಉಂಗುರ, ನಡುವೆ ಎರಡು ಪುಟ್ಟ ಹಳದಿ ಕಣ್ಣು. ಆ ತಟ್ಟೆಗಳು ಸದ್ದನ್ನು ಕಿವಿಗೆ ತಿರುಗಿಸುವ ಸಾಧನ. ಹಿಮ ಕೀರಲು ಸದ್ದನ್ನೆಲ್ಲ ನುಂಗಿಬಿಡುತ್ತದೆ, ಮಂದ್ರದ ಸದ್ದು ಮಾತ್ರ ಮೇಲಕ್ಕೆ ದಾಟುತ್ತದೆ. ಇಲಿ ಹಿಮದಡಿ ಕೆದಕುವ ಆ ಮಂದ ಸದ್ದು ಹಿಡಿಯಲೆಂದೇ ಇಷ್ಟು ದೊಡ್ಡ ಮುಖ. ಹಿಮ ಸದ್ದಿನ ದಿಕ್ಕನ್ನೂ ಓರೆಯಾಗಿ ಬಾಗಿಸುವುದರಿಂದ ಗೂಬೆ ದೂರದಿಂದ ನೇರ ಎರಗುವುದಿಲ್ಲ. ಹಾರಿ ಬಂದು ಇಲಿಯ ನೆತ್ತಿಯ ಮೇಲಕ್ಕೆ ಸರಿಯಾಗಿ ರೆಕ್ಕೆ ಬಡಿಯುತ್ತ ಕ್ಷಣ ನಿಂತು, ಆಮೇಲೆ ಮುಖ ಮುಂದಾಗಿ ಧುಮುಕಿ ಕೊನೆಯ ಗಳಿಗೆಯಲ್ಲಿ ಕಾಲು ಚಾಚುತ್ತದೆ. ಅರ್ಧ ಮೀಟರ್ ಹಿಮದ ಅಡಿಯಿಂದಲೂ ಇಲಿ ಎತ್ತಬಲ್ಲದು. ನೋಡಲು ಉತ್ತರ ಅಮೆರಿಕದ ಅತಿ ಉದ್ದದ ಗೂಬೆ, ರೆಕ್ಕೆ ಬಿಚ್ಚಿದರೆ ಒಂದೂಕಾಲು ಮೀಟರ್ ಮೀರುತ್ತದೆ. ತೂಕ ಮಾತ್ರ ಒಂದು ಕಿಲೋ ಆಸುಪಾಸು, ಮಿಕ್ಕಿದ್ದೆಲ್ಲ ಪುಕ್ಕ. ಅದಕ್ಕಿಂತ ಗಿಡ್ಡವಾಗಿ ಕಾಣುವ ಬಿಳಿ ಗೂಬೆಯ ತೂಕ ಇದಕ್ಕಿಂತ ಜಾಸ್ತಿ.

ಒಂಬತ್ತರ ನಂತರ ಫೀಡರ್‌ಗಳಿಗೆ ಹೋಗಿ. ಮೇರಿ ಲೂ ಎಂಬವರ ಹೆಸರಿನ ಫೀಡರ್‌ಗೆ ಈವ್ನಿಂಗ್ ಗ್ರೋಸ್‌ಬೀಕ್ ಬರುತ್ತದೆ. ಹೆಸರಲ್ಲಿ ಸಂಜೆ ಇದ್ದರೂ ಬರುವುದು ಬೆಳಿಗ್ಗೆ, ಹೊತ್ತೇರಿದರೆ ಕಾಣೆ. ಅಡ್ಮಿರಲ್ ರಸ್ತೆಯ ಫೀಡರ್ ಬೋರಿಯಲ್ ಚಿಕಡೀಗೆ ಹೆಸರುವಾಸಿ. ಕಂದು ಟೋಪಿಯ ಈ ನಾಚಿಕೆಗಾರ ಒಂದು ಕ್ಷಣ ಬಂದು ಮಾಯವಾಗುತ್ತದೆ. ಕೆಲವು ಕಡೆ ಜಿಂಕೆಯ ಎದೆಗೂಡನ್ನೇ ಮರಕ್ಕೆ ಕಟ್ಟಿರುತ್ತಾರೆ. ಮಗಳಿಗೆ ಮೊದಲೇ ಹೇಳಿಟ್ಟಿರಿ, ಹೆದರಿಯಾಳು. ಬೇಟೆಯ ಕಾಲದಲ್ಲಿ ಉಳಿದದ್ದು, ಪಕ್ಕೆಲುಬಿನ ಕೊಬ್ಬನ್ನು ಚಿಕಡೀ, ಮರಕುಟಿಗ, ಕೆನಡಾ ಜೇ ಎಲ್ಲ ಕಿತ್ತು ತಿನ್ನುತ್ತವೆ. ಕೆನಡಾ ಜೇ ತನ್ನ ಪಾಲನ್ನು ಅಂಟಾದ ಎಂಜಲಲ್ಲಿ ಉಂಡೆ ಕಟ್ಟಿ ತೊಗಟೆಯ ಹಿಂದೆ ಮೆತ್ತಿಡುತ್ತದೆ, ಆ ದಾಸ್ತಾನಿನ ಬಲದ ಮೇಲೆ ಹಿಮ ಕರಗುವ ಮೊದಲೇ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಮಧ್ಯಾಹ್ನ ಔಲ್ ಅವೆನ್ಯೂದಲ್ಲಿರುವ ವೆಲ್‌ಕಮ್ ಸೆಂಟರ್‌ಗೆ ಹೋಗಿ. ಕಾಲು ಬೆಚ್ಚಗಾಗುತ್ತದೆ, ಆ ದಿನ ಯಾರಿಗೆ ಎಲ್ಲಿ ಏನು ಕಂಡಿತೆಂದೂ ತಿಳಿಯುತ್ತದೆ. ತೆರೆದಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಿ. ಮೂರಕ್ಕೆ ಮತ್ತೆ ರಸ್ತೆಗಿಳಿಯಿರಿ. ಹೋದ ಸಲ ನೀವು ಮನೆಗೆ ತಿರುಗಿದ ಹೊತ್ತು ಅದು.

ಬಿಳಿ ಗೂಬೆಗೆ ಇಷ್ಟು ದೂರ ಹೋಗಬೇಕಿಲ್ಲ. ಅದು ಮರ ಕೇಳುವುದಿಲ್ಲ, ತನ್ನ ಆರ್ಕ್ಟಿಕ್ ಬಯಲಿನಂಥ ಬಟ್ಟಬಯಲು ಕೇಳುತ್ತದೆ. ಡುಲೂತ್ ಪಕ್ಕದ ಸುಪೀರಿಯರ್ ಊರಿನ ಬಯಲು, ಬಂದರು ಪ್ರದೇಶ, ಒಳ್ಳೆಯ ವರ್ಷದಲ್ಲಿ ನಿಮ್ಮ ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಸುತ್ತಮುತ್ತ ಕೂಡ ಕಾಣಿಸಿಕೊಳ್ಳುತ್ತದೆ. ಡುಲೂತ್‌ನಲ್ಲಿ ರಾತ್ರಿ ಉಳಿದಿದ್ದರೆ ಕೆನಾಲ್ ಪಾರ್ಕ್‌ಗೆ ಒಂದು ಸುತ್ತು ಹಾಕಿ, ನೀರು ತೆರೆದಿದ್ದರೆ ಗೋಲ್ಡನ್‌ಐ ಬಾತುಗಳಿರುತ್ತವೆ. ಊರೊಳಗೆ ಮೌಂಟನ್ ಆ್ಯಶ್ ಮರದ ಕೆಂಪು ಹಣ್ಣು ಉಳಿದಿದ್ದರೆ ಬೊಹೀಮಿಯನ್ ವ್ಯಾಕ್ಸ್‌ವಿಂಗ್ ಹಿಂಡು ಬಂದು ಕೆಲವೇ ದಿನದಲ್ಲಿ ಮರ ಬೋಳಿಸಿ ಹೋಗುತ್ತದೆ.

ಇನ್ನು ಚಳಿ. ಕಾರೇ ನಿಮ್ಮ ಮರೆಗೂಡು. ಇಳಿದು ನಿಂತರೆ ಹಾರಿಹೋಗುವ ಗೂಬೆ ಕಾರಿನೊಳಗಿನವರನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಹೀಟರ್ ಹಾಕಿಕೊಂಡು ಕಿಟಕಿ ಇಳಿಸಿ ಫೋಟೊ ತೆಗೆದರೆ ಒಳಗಿನ ಬಿಸಿಗಾಳಿ ಹೊರಗಿನ ತಣ್ಣನೆ ಗಾಳಿಗೆ ಬೆರೆತು ಚಿತ್ರವೆಲ್ಲ ನೀರಲ್ಲಿ ಅಲುಗಿದಂತೆ ಬರುತ್ತದೆ. ಹೊಸಬರು ಲೆನ್ಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎಂಜಿನ್ ಆರಿಸಿ, ಕಿಟಕಿ ತೆರೆದು, ಎರಡೂ ಕಡೆ ಗಾಳಿ ಒಂದಾಗುವವರೆಗೆ ತಾಳಿ. ಬೈನಾಕ್ಯುಲರ್ ಕಣ್ಣಿಗಿಡುವಾಗ ಉಸಿರನ್ನು ಕೆಳಕ್ಕೆ ಬಿಡಿ. ಗಾಜಿನ ಮೇಲೆ ಉಸಿರು ಬಿದ್ದರೆ ಅಲ್ಲೇ ಮಂಜುಗಟ್ಟುತ್ತದೆ. ಕೋಣೆಯೊಳಗೆ ಹೋಗುವ ಮೊದಲು ಕ್ಯಾಮೆರಾ, ಬೈನಾಕ್ಯುಲರ್ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಬೆಚ್ಚಗಾದ ಮೇಲೆಯೇ ಬಿಚ್ಚಿ. ಇಲ್ಲದಿದ್ದರೆ ಒಳಗಿನ ತೇವವೆಲ್ಲ ತಣ್ಣನೆ ಗಾಜಿನ ಮೇಲೆ ನೀರಾಗಿ ಕೂರುತ್ತದೆ. ಹೆಚ್ಚಿನ ಬ್ಯಾಟರಿಯನ್ನು ಒಳಜೇಬಿನಲ್ಲಿಡಿ.

ಮಗಳ ಕಾಲು ಮರಗಟ್ಟಿದ್ದು ಬಿಗಿಯಾದ ಬೂಟಿನಿಂದಲೂ ಇರಬಹುದು. ಎರಡೆರಡು ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಇನ್ನೂ ಬೇಗ ತಣ್ಣಗಾಗುತ್ತದೆ. ಒಂದು ಅಳತೆ ದೊಡ್ಡ ಬೂಟು, ಒಂದೇ ಉಣ್ಣೆಯ ಕಾಲುಚೀಲ, ಕೈಗೆ ಬೆರಳು ಕೂಡಿದ ಮಿಟನ್. ವಿಂಡ್‌ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಾಗುವ ಚಳಿ, ಮೈನಸ್ 30 ಸೆಲ್ಸಿಯಸ್ ಹತ್ತಿರ ಹೋದರೆ ತೆರೆದ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಹಿಮಕಡಿತ ಆಗಬಹುದು. ಅಂಥ ದಿನ ಅವಳನ್ನು ಹತ್ತು ನಿಮಿಷಕ್ಕಿಂತ ಹೊರಗೆ ನಿಲ್ಲಿಸಬೇಡಿ, ಕೆನ್ನೆ ಮೂಗು ಬಿಳುಚಿದರೆ ತಕ್ಷಣ ಒಳಗೆ. ಪೆಟ್ರೋಲ್ ಅರ್ಧ ಟ್ಯಾಂಕ್‌ಗಿಂತ ಇಳಿಯದಿರಲಿ. ಕಂಬಳಿ, ಸಲಿಕೆ, ತಿಂಡಿ ಹಿಂದೆ ಇರಲಿ. ಬಾಗ್‌ನಲ್ಲಿ ಹಲವೆಡೆ ಫೋನ್ ಸಿಗ್ನಲ್ ಇಲ್ಲ. ಎಲ್ಲಕ್ಕಿಂತ ಮುಖ್ಯ, ರಸ್ತೆ ಬದಿಗೆ ಗಾಡಿ ಸರಿಸಬೇಡಿ. ಸಮತಟ್ಟಾಗಿ ಕಾಣುವ ಹಿಮದ ಕೆಳಗೆ ಆಳದ ಚರಂಡಿಯಿರುತ್ತದೆ; ಗೂಬೆ ನೋಡಿದ ಸಂಭ್ರಮದಲ್ಲಿ ಗಾಡಿ ಅದಕ್ಕಿಳಿಸಿ ಟ್ರ್ಯಾಕ್ಟರ್‌ಗೆ ಕಾಯುತ್ತ ನಿಂತವರು ಪ್ರತಿ ವರ್ಷ ಸಿಗುತ್ತಾರೆ.

ಫೋಟೊ ವಿಷಯ ಬಂದದ್ದಕ್ಕೆ ಇದನ್ನೂ ಹೇಳಬೇಕು. ಪೆಟ್ ಅಂಗಡಿಯ ಇಲಿ ತಂದು ಹಿಮದ ಮೇಲೆ ಬಿಟ್ಟು, ಗೂಬೆ ಕ್ಯಾಮೆರಾದ ಕಡೆಗೇ ಹಾರಿ ಬರುವಂತೆ ಮಾಡುವವರಿದ್ದಾರೆ. ಗೂಬೆ ಮುಖ ಎದುರಾಗಿ, ಕಣ್ಣು ಲೆನ್ಸಿನಲ್ಲೇ ನೆಟ್ಟು ಬರುವ ಎಷ್ಟೋ ಫೋಟೊಗಳ ಹಿಂದಿನ ಗುಟ್ಟು ಇದೇ. ಮನುಷ್ಯ, ಗಾಡಿ, ರಸ್ತೆ ಎಂದರೆ ಊಟ ಎಂದು ಗೂಬೆ ಕಲಿತರೆ ಗಾಡಿಯಡಿ ಸಾಯುತ್ತದೆ. ಯಾರಾದರೂ ಹಾಗೆ ಮಾಡುತ್ತಿದ್ದರೆ ಆ ಗುಂಪಿನಲ್ಲಿ ನಿಲ್ಲಬೇಡಿ. ಮಲಗಿದ ಗೂಬೆಯ ಜಾಗವನ್ನು ಅಂತರ್ಜಾಲದಲ್ಲಿ ಗುರುತು ಹಾಕಿ ಹಂಚಬೇಡಿ. ಬಾಗ್‌ನ ಎಷ್ಟೋ ನೆಲ ಖಾಸಗಿಯವರದು, ರಸ್ತೆಯಿಂದಲೇ ನೋಡಿ.

ತಿಂಗಳು ಯಾವುದು ಎಂದು ಕೇಳಿದರೆ ನಾನು ಫೆಬ್ರುವರಿ ಎನ್ನುತ್ತೇನೆ. ಹಗಲು ಉದ್ದವಾಗಿರುತ್ತದೆ, ಕೊರೆಯುವ ದಿನಗಳು ಕಡಿಮೆಯಾಗುತ್ತ ಬರುತ್ತವೆ, ಗೂಬೆಗಳು ಇನ್ನೂ ಹೋಗಿರುವುದಿಲ್ಲ. ಅದಕ್ಕೆ ಮೊದಲು ಡಿಸೆಂಬರ್ 14ರಿಂದ ಜನವರಿ 5ರ ನಡುವೆ ನಡೆಯುವ ಕ್ರಿಸ್‌ಮಸ್ ಹಕ್ಕಿ ಗಣತಿಗೆ ಹೆಸರು ಕೊಡಿ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬವರು, ಕ್ರಿಸ್‌ಮಸ್ ದಿನ ಹಕ್ಕಿ ಹೊಡೆಯುವ ಪಂದ್ಯದ ಬದಲು ಎಣಿಸೋಣ ಎಂದು ಶುರುಮಾಡಿದ್ದು. 24 ಕಿಲೋಮೀಟರ್ ಅಡ್ಡಳತೆಯ ವೃತ್ತದಲ್ಲಿ ತಂಡಗಳು ದಿನವಿಡೀ ಎಣಿಸುತ್ತವೆ. ಹೊಸಬರನ್ನು ಅನುಭವಿಗಳ ಜೊತೆ ಹಾಕುತ್ತಾರೆ; ನಿಮ್ಮೂರಿನ ತೆರೆದ ನೀರು, ಹಣ್ಣಿನ ಮರ, ಗೂಬೆ ಮಲಗುವ ಸ್ಪ್ರೂಸ್ ಎಲ್ಲೆಲ್ಲಿವೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಫೆಬ್ರುವರಿಯ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರುತ್ತದೆ. ಹದಿನೈದು ನಿಮಿಷ ಕಿಟಕಿಯಲ್ಲಿ ಕೂತು ಎಣಿಸಿ ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕಿದರೂ ನಡೆಯುತ್ತದೆ. ಅದೇ ನಾಲ್ಕು ದಿನ ಭಾರತದ ಕಾಲೇಜುಗಳಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ನಡೆಯುತ್ತದೆ, ಧಾರವಾಡದ ನಿಮ್ಮ ಹಳೆಯ ಗೆಳೆಯರೂ ಎಣಿಸುತ್ತಿರಬಹುದು. ಎಣಿಕೆ ಮುಗಿದ ಮರುವಾರ ಡುಲೂತ್‌ನಲ್ಲಿ ಎರಡು ರಾತ್ರಿಗೆ ರೂಮು ಹಿಡಿಯಿರಿ. ಒಂದು ಬೆಳಿಗ್ಗೆ ಗಾಳಿ ಎದ್ದು ಕೈತಪ್ಪಿದರೂ ಇನ್ನೊಂದು ಬೆಳಿಗ್ಗೆ ಕೈಯಲ್ಲಿರುತ್ತದೆ.